ಗಾಳಿಯ ಇನ್ನೊಂದು ತುದಿ

ದೋಣಿಯ ಕೀಲಿಕೈ ಕೊಡುತ್ತಲೇ ಬಾಡಿಗೆ ಕಚೇರಿಯ ಹುಡುಗಿ ಹೇಳಿದಳು: "ಹವಾಮಾನ ಕೆಟ್ಟಿದೆ. ಇವತ್ತು, ನಾಳೆ ಹೊರಡುವ ಯೋಚನೆ ಬೇಡ."

ನಾನು ತಲೆಯೆತ್ತಿ ಆಕಾಶ ನೋಡಿದೆ. ಹತ್ತಿಯ ಎಳೆಯಷ್ಟೂ ಮೋಡವಿಲ್ಲ. ನೀಲಿ ಹಾಕಿ ಒಗೆದು ಹರವಿದ ಸೀರೆಯಂಥ ಆಕಾಶ, ಕಣ್ಣು ಬಿಡಲಾಗದ ಬಿಸಿಲು. ಕುಂದಾಪುರ ಕಡೆಯವನಿಗೆ ಕೆಟ್ಟ ಹವಾಮಾನವೆಂದರೆ ಪಡುವಣದಲ್ಲಿ ಕಾಡಿಗೆ ಬಳಿದಂತೆ ಕಟ್ಟುವ ಮುಗಿಲು, ಹಗಲಲ್ಲೇ ದೀಪ ಹಚ್ಚಿಸುವ ಕತ್ತಲೆ, ಹಂಚಿನ ಮೇಲೆ ಬಡಿದು ಮನೆಯೊಳಗಿನ ಮಾತನ್ನೆಲ್ಲ ನುಂಗುವ ಮಳೆ. ಇಷ್ಟು ಚೆಂದದ ದಿನವನ್ನು ಕೆಟ್ಟದ್ದು ಎನ್ನುವ ಊರನ್ನು ನಾನು ಅದೇ ಮೊದಲು ನೋಡಿದ್ದು.

ಊರಿನ ಹೆಸರು ಲಾವ್ರಿಯೊ. ಅಥೆನ್ಸ್‌ನಿಂದ ಆಗ್ನೇಯಕ್ಕೆ 60 ಕಿಲೋಮೀಟರ್ ದೂರದ ಸಣ್ಣ ಬಂದರು. ಜುಲೈ ಕೊನೆಯ ವಾರ. ಜರ್ಮನಿಯಲ್ಲಿ ನೆಲೆಸಿರುವ ಗೆಳೆಯ ಅಲ್ಲಿನ ಕೆರೆಗಳಲ್ಲಿ ಹಾಯಿದೋಣಿ ನಡೆಸಲು ಕಲಿತು, ಪರೀಕ್ಷೆ ಬರೆದು, ಪರವಾನಗಿ ಪಡೆದಿದ್ದ. ಅವನೂ ಅವನ ಹೆಂಡತಿಯೂ, ನಾನೂ ನನ್ನ ಹೆಂಡತಿಯೂ ಸೇರಿ 36 ಅಡಿಯ ಒಂದು ಹಾಯಿದೋಣಿಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದೆವು. ಎದುರಿಗಿರುವ ಕೇಯಾ ದ್ವೀಪಕ್ಕೆ ಮೊದಲು, ಅಲ್ಲಿಂದ ಕಿಥ್ನೋಸ್, ಆಮೇಲೆ ಗಾಳಿ ಕರೆದಲ್ಲಿಗೆ. ಇದರಲ್ಲೊಂದು ತಮಾಷೆಯಿದೆ. ಗೆಳೆಯ ಗದಗಿನವನು, ಹದಿನೆಂಟು ವರ್ಷವಾಗುವವರೆಗೆ ಕಡಲು ಕಂಡವನಲ್ಲ. ನಾನು ಗಂಗೊಳ್ಳಿಯ ಟಂಡೇಲರ ಮೊಮ್ಮಗ. ಹಾಯಿಯ ಹಗ್ಗ ಯಾವುದು, ಬಟ್ಟೆ ಒಣಗಿಸುವ ಹಗ್ಗ ಯಾವುದು ಎಂದು ತಿಳಿಯದವನು.

"ಏಳು ಬೊಫೋರ್ ಅದಲೇ," ಎಂದ ಗೆಳೆಯ ಫೋನು ನೋಡುತ್ತ. "ಇವತ್ತ ಹೊಂಟ್ರ ಸೀದಾ ನಿಮ್ಮಜ್ಜನ್ನ ಭೆಟ್ಟಿ ಆಗ್ತೀ ನೀ."

ಬೊಫೋರ್ ಎಂದರೆ ಬ್ಯೂಫೋರ್ಟ್. ಐರ್ಲೆಂಡಿನಲ್ಲಿ ಹುಟ್ಟಿ ಬ್ರಿಟಿಷ್ ನೌಕಾಪಡೆ ಸೇರಿದ್ದ ಫ್ರಾನ್ಸಿಸ್ ಬ್ಯೂಫೋರ್ಟ್ 1805ರ ಸುಮಾರಿಗೆ ಗಾಳಿಯ ಬಲಕ್ಕೆ ಸೊನ್ನೆಯಿಂದ ಹನ್ನೆರಡರವರೆಗೆ ಅಂಕ ಹಾಕಿದ. ಗಾಳಿ ಎಷ್ಟು ವೇಗವಾಗಿದೆ ಎಂಬುದಕ್ಕಿಂತ, ಆ ಗಾಳಿಗೆ ಯುದ್ಧನೌಕೆಯೊಂದು ಎಷ್ಟು ಹಾಯಿ ಬಿಚ್ಚಬಲ್ಲದು ಎಂಬುದು ಅವನ ಅಳತೆಗೋಲಾಗಿತ್ತು. ಏಳು ಎಂದರೆ ಇಂದಿನ ಲೆಕ್ಕದಲ್ಲಿ ಗಂಟೆಗೆ 50ರಿಂದ 61 ಕಿಲೋಮೀಟರ್. ಗ್ರೀಸಿನಲ್ಲಿ ಈ ಅಂಕ ಮೀನು ಮಾರುವವಳ ಬಾಯಲ್ಲೂ ಇದೆ. ನಾವು "ಇವತ್ತೇನು ಸೆಕೆ" ಎನ್ನುವಷ್ಟು ಸಲೀಸಾಗಿ ಅವರು "ಇವತ್ತು ಆರು ಬೊಫೋರ್" ಎನ್ನುತ್ತಾರೆ.

ಮತ್ತೆ ಈ ಗಾಳಿಗೇ ಒಂದು ಹೆಸರಿದೆ: ಮೆಲ್ಟೆಮಿ. ಜುಲೈ, ಆಗಸ್ಟ್ ತಿಂಗಳಲ್ಲಿ ಏಜಿಯನ್ ಕಡಲಿನ ಮೇಲೆ ಬೀಸುವ ಒಣ ಬಡಗಾಳಿ. ಪ್ರಾಚೀನರು ಇದನ್ನು ಎಟೀಸಿಯ ಎಂದು ಕರೆದರು. ವರ್ಷವರ್ಷವೂ ಬರುವುದು ಎಂದರ್ಥ. ಮೋಡ ತರುವುದಿಲ್ಲ, ಗುಡುಗುವುದಿಲ್ಲ, ಒಂದು ಹನಿ ಚೆಲ್ಲುವುದಿಲ್ಲ. ಥಳಥಳಿಸುವ ಬಿಸಿಲಿನಲ್ಲೇ ಬಂದು ಕೊರಳಪಟ್ಟಿ ಹಿಡಿಯುತ್ತದೆ. ಒಂದೆರಡು ದಿನಕ್ಕೆ ಬಿಟ್ಟರೂ ಬಿಟ್ಟಿತು, ವಾರ ಕಳೆದರೂ ಕಳೆಯಿತು.

ಮರೀನಾದಲ್ಲಿ ನಮ್ಮ ದೋಣಿ ಹಿಂಭಾಗವನ್ನು ದಡಕ್ಕೆ ಕೊಟ್ಟು ನಿಂತಿತ್ತು. ಅದರ ಎರಡೂ ಬದಿಗೆ ಅಂಥವೇ ನೂರಾರು ದೋಣಿಗಳು, ಸಂತೆಯಲ್ಲಿ ಕಟ್ಟಿದ ಎತ್ತುಗಳ ಹಾಗೆ ಮೈಗೆ ಮೈ ತಾಗಿಸಿ ಹಗ್ಗ ಜಗ್ಗುತ್ತಿದ್ದವು. ಗೆಳೆಯ ಮೊದಲು ಮಾಡಿದ್ದು ಕಟ್ಟಿದ ಹಗ್ಗಗಳನ್ನೆಲ್ಲ ದುಪ್ಪಟ್ಟು ಮಾಡಿದ್ದು. ಆಮೇಲೆ ದಡಕ್ಕೆ ಹಾಸಿದ ಹಲಗೆಯ ಮೇಲೆ ಕಾಲಿಟ್ಟು ನಾವು ಒಬ್ಬೊಬ್ಬರಾಗಿ ದೋಣಿಗಿಳಿದೆವು. ಒಳಗೆ ಎರಡು ಪುಟ್ಟ ಕೋಣೆ, ಒಂದು ಒಲೆ, ಮಡಚುವ ಮೇಜು. ಅಕ್ಕಿ, ಬೇಳೆ, ಮನೆಯಿಂದ ತಂದ ಉಪ್ಪಿನಕಾಯಿ, ಸಾರಿನ ಪುಡಿ ಎಲ್ಲವನ್ನೂ ಜೋಡಿಸಿ ಮುಗಿಯಿತು. ಇನ್ನು ಮಾಡುವುದಕ್ಕೇನೂ ಇರಲಿಲ್ಲ.

ರಾತ್ರಿ ಗೊತ್ತಾಯಿತು, ಆ ಊರಿಗೆ ಒಂದು ಸದ್ದಿದೆ ಎಂದು. ಹಾಯಿ ಏರಿಸುವ ಹಗ್ಗ ಪ್ರತಿ ದೋಣಿಯ ಕೂವೆಕಂಬದ ಪಕ್ಕದಲ್ಲೇ ಮೇಲಿನಿಂದ ಕೆಳಗೆ ಇಳಿದಿರುತ್ತದೆ. ಕಂಬ ಅಲ್ಯೂಮಿನಿಯಮ್ಮಿನದು, ಒಳಗೆ ಟೊಳ್ಳು. ಗಾಳಿ ಹೊಡೆದಾಗ ಹಗ್ಗ ಕಂಬಕ್ಕೆ ಬಡಿದು ಟಣ್ ಎನ್ನುತ್ತದೆ. ನೂರಾರು ಕಂಬ, ನೂರಾರು ಟಣ್. ಎಲ್ಲ ದೇವಸ್ಥಾನಗಳಲ್ಲೂ ಒಟ್ಟಿಗೆ ಮಂಗಳಾರತಿ ಶುರುವಾಗಿ, ಮುಗಿಸಲು ಭಟ್ಟರಿಗೆ ಮರೆತುಹೋದ ಹಾಗೆ. ಗೆಳೆಯ ಎದ್ದುಹೋಗಿ ನಮ್ಮ ಹಗ್ಗವನ್ನು ಕಂಬದಿಂದ ದೂರಕ್ಕೆಳೆದು ಕಟ್ಟಿಬಂದ. ಉಳಿದವರದ್ದು ಬೆಳಗಿನ ತನಕ ಬಾರಿಸುತ್ತಲೇ ಇತ್ತು.

ಮಾರನೆಯ ಬೆಳಿಗ್ಗೆ ಅಮ್ಮನ ಫೋನು ಬಂತು. ಅವಳ ದನಿಯ ಹಿಂದೆ ಧೋ ಎನ್ನುವ ಮಳೆ.

"ಹೋಯ್, ದೋಣಿ ಬಿಟ್ರ್ಯಾ?"

"ಇಲ್ಲಮ್ಮ, ಗಾಳಿ ಜೋರು."

"ಗಾಳಿ ಇದ್ರೆ ಕೂಕೊ. ನಿನ್ ಅಜ್ಜಯ್ಯ ನಾಕ್ ತಿಂಗ್ಳ್ ಕೂಕಂತಿದ್ರ್."

ಅದು ನಿಜ. ಹಂಚು ತುಂಬಿದ ಮಂಜಿಯನ್ನು ಹಾಯಿಯಲ್ಲೇ ಮುಂಬೈವರೆಗೆ ಒಯ್ಯುತ್ತಿದ್ದ ಅಜ್ಜಯ್ಯ, ಮಳೆಗಾಲ ಹತ್ತಿರವಾದಂತೆ ಅದನ್ನು ದಡಕ್ಕೆ ಎಳೆಸಿ, ಮೇಲೆ ಮಡಲಿನ ಮಾಡು ಕಟ್ಟಿಸಿ, ಜಗಲಿಗೆ ಬಂದು ಕೂರುತ್ತಿದ್ದರಂತೆ. ನನಗೆ ನೆನಪಿರುವುದು ಮಂಜಿ ಮಾರಿದ ನಂತರದ ಅಜ್ಜಯ್ಯ. ಆಗಲೂ ಅವರು ಆಷಾಢವಿಡೀ ಜಗಲಿಯಲ್ಲಿ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದರು. ಕಟ್ಟಲು ದೋಣಿಯಿಲ್ಲ, ಆದರೂ ಹಗ್ಗ. ತೊಡೆಯ ಮೇಲೆ ನಾರು ಉಜ್ಜಿ ಉಜ್ಜಿ ಆ ಜಾಗದಲ್ಲಿ ಕೂದಲೇ ಇರಲಿಲ್ಲ. ನಡುನಡುವೆ ಕೈ ನಿಲ್ಲಿಸಿ ಅಳಿವೆಯ ಕಡೆಗೆ ಕಿವಿ ಕೊಡುತ್ತಿದ್ದರು. ಕರಾವಳಿಯ ಯಾಂತ್ರಿಕ ದೋಣಿಗಳಿಗೆ ಈಗಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಸರ್ಕಾರದ ಆದೇಶ ಬರುವ ಎಷ್ಟೋ ಕಾಲ ಮೊದಲೇ ಕಡಲು ಆ ಆದೇಶ ಹೊರಡಿಸಿತ್ತು. ಶ್ರಾವಣದಲ್ಲಿ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟು ಕೈಮುಗಿದ ಮೇಲೆಯೇ ದೋಣಿಗಳು ನೀರಿಗಿಳಿಯುವುದು. ಕಾಯುವುದು ಅಜ್ಜಯ್ಯನಿಗೆ ಕಸುಬಿನ ಅರ್ಧ ಭಾಗವಾಗಿತ್ತು. ಒಂದೇ ವಾರದ ರಜೆ ಹಾಕಿ ಬಂದ ನಮಗೆ ಅದು ದಿನದ ಬಾಡಿಗೆಯ ಲೆಕ್ಕದಲ್ಲಿ ನಷ್ಟ.

ಆ ದಿನ ಊರು ಸುತ್ತಿದೆವು. ಲಾವ್ರಿಯೊ ನೋಡಲು ಸಾಧಾರಣ. ಗಣಿ ಕಂಪನಿಯ ಹಳೆಯ ಕಟ್ಟಡಗಳು, ಮೀನಿನ ಅಂಗಡಿಗಳು, ಗಾಳಿಗೆ ಬೆನ್ನು ಕೊಟ್ಟು ಪಗಡೆಯಂಥ ತಾವ್ಲಿ ಆಡುವ ಮುದುಕರು. ಆದರೆ ಈ ಗುಡ್ಡಗಳ ಬೆಳ್ಳಿ ಚರಿತ್ರೆಯ ದಿಕ್ಕು ತಿರುಗಿಸಿದೆ. ಕ್ರಿ.ಪೂ. 483ರ ಸುಮಾರಿಗೆ ಇಲ್ಲಿ ಬೆಳ್ಳಿಯ ದೊಡ್ಡ ಪದರ ಸಿಕ್ಕಿತು. ಅದನ್ನು ತಲೆಗಿಷ್ಟೆಂದು ಹಂಚಿಕೊಳ್ಳಲು ಹೊರಟಿದ್ದ ಅಥೆನ್ಸಿನವರನ್ನು ಥೆಮಿಸ್ಟೊಕ್ಲಿಸ್ ತಡೆದು, ಆ ಹಣದಲ್ಲಿ ಯುದ್ಧದೋಣಿಗಳನ್ನು ಕಟ್ಟಿಸಿದ. ಮೂರೇ ವರ್ಷಕ್ಕೆ, 480ರಲ್ಲಿ, ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯದ ನೌಕಾಪಡೆಯನ್ನು ಮುರಿದದ್ದು ಆ ದೋಣಿಗಳೇ. ಬೆಳ್ಳಿ ಅಗೆದವರು ಗುಲಾಮರು. ದೋಣಿಗಳ ಕಥೆಯನ್ನು ಎಲ್ಲರೂ ಬರೆದರು, ಸುರಂಗದೊಳಗಿನವರ ಕಥೆ ಬರೆದವರು ಕಡಿಮೆ.

ಬಂದರಿನ ಎದುರಿಗೇ ಮಾಕ್ರೊನಿಸೋಸ್ ಮಲಗಿದೆ: 13 ಕಿಲೋಮೀಟರ್ ಉದ್ದದ, ಅಗಲವೇ ಇಲ್ಲದ, ಮರವಿಲ್ಲದ ಬೋಳು ದ್ವೀಪ. ಗ್ರೀಸಿನ ಅಂತರ್ಯುದ್ಧದ ಕಾಲಕ್ಕೆ, 1947ರಿಂದ, ಎಡಪಂಥೀಯರೆಂದು ಗುಮಾನಿಯಿದ್ದ ಸಾವಿರಾರು ಸೈನಿಕರನ್ನೂ ನಾಗರಿಕರನ್ನೂ ಅಲ್ಲಿ ಗುಡಾರಗಳಲ್ಲಿ ಇಟ್ಟು ಹಿಂಸಿಸಿದರು. ಕವಿ ಯಾನಿಸ್ ರಿಟ್ಸೋಸ್ ಅವರಲ್ಲೊಬ್ಬ, ಸಂಗೀತಗಾರ ಮಿಕಿಸ್ ಥಿಯೊಡೊರಾಕಿಸ್ ಇನ್ನೊಬ್ಬ. ಇದೇ ಗಾಳಿ ಅವರ ಗುಡಾರಗಳ ಮೇಲೂ ಬೀಸಿರಬೇಕು. ತಣ್ಣನೆಯ ಕಾಫಿಯ ಲೋಟ ಹಿಡಿದು ಆ ಕಡೆ ನೋಡುತ್ತ, ರಜೆ ಹಾಳಾಯಿತೆಂದು ಗೊಣಗಲು ಬಾಯಿ ಬರಲಿಲ್ಲ.

ಸೋಮವಾರವೂ ಏಳು ಬೊಫೋರ್. ಬಸ್ಸು ಹತ್ತಿ ಸುನಿಯೋ ಭೂಶಿರಕ್ಕೆ ಹೋದೆವು. ಅಟಿಕಾದ ನೆಲ ಮುಗಿಯುವ ಕಡಿದಾದ ತುದಿಯಲ್ಲಿ ಕಡಲ ದೇವರು ಪೊಸೈಡನ್‌ನ ಗುಡಿ, ಕ್ರಿ.ಪೂ. 440ರ ಆಸುಪಾಸಿನದು. ಮಾಡು ಹೋಗಿದೆ, ಗೋಡೆ ಹೋಗಿದೆ, ಬಿಳಿಯ ಕಂಬಗಳ ಎರಡು ಸಾಲು ನಿಂತಿದೆ. ಸಾಮಾನ್ಯವಾಗಿ ಡೋರಿಕ್ ಕಂಬಕ್ಕೆ ಇಪ್ಪತ್ತು ಉದ್ದನೆಯ ತೋಡುಗಳನ್ನು ಕೊರೆಯುತ್ತಾರೆ, ಇಲ್ಲಿ ಹದಿನಾರೇ. ಉಪ್ಪುಗಾಳಿ ಕಲ್ಲನ್ನು ಬೇಗ ತಿನ್ನಬಾರದೆಂದು ಹಾಗೆ ಮಾಡಿರಬಹುದು ಎನ್ನುತ್ತಾರೆ. ಒಂದು ಕಂಬದ ಮರೆಯಲ್ಲಿ ನಿಂತರೆ ಬೆವರು. ಎರಡು ಹೆಜ್ಜೆ ಈಚೆ ಬಂದರೆ ಗಾಳಿ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ನೂಕುತ್ತದೆ. ನನ್ನ ಹೆಂಡತಿಯ ದುಪಟ್ಟಾ ಎತ್ತಿ ಹಾರಿ, ಒಂದು ಗಳಿಗೆ ಗಾಳಿಪಟವಾಗಿ, ಕೆಳಗಿನ ಮುಳ್ಳುಪೊದೆಗೆ ಸಿಕ್ಕಿತು.

ಕೆಳಗೆ ಕಡಲು. ನೀಲಿ ಎಂದರೆ ಸಾಲದು. ಬಾಟಲಿಯಿಂದ ಈಗಷ್ಟೇ ಸುರಿದ ಶಾಯಿಯ ಬಣ್ಣ. ಅದರ ಮೇಲೆಲ್ಲ ಬಿಳಿ ನೊರೆಯ ಚುಕ್ಕಿಗಳು, ಎಲ್ಲವೂ ದಕ್ಷಿಣಕ್ಕೇ ಓಡುತ್ತಿವೆ. ಗ್ರೀಕರು ಅವನ್ನು ಕುರಿಮರಿಗಳು ಎನ್ನುತ್ತಾರಂತೆ. ಅದನ್ನು ಕೇಳಿದ ಮೇಲೆ ಬೇರೆ ಏನೂ ಕಾಣದು: ಕುರುಬನಿಲ್ಲದೆ ಮೇವಿಗೆ ಹೊರಟ ಲಕ್ಷಾಂತರ ಮರಿಗಳು. ಪೂರ್ವಕ್ಕೆ ಮಾಕ್ರೊನಿಸೋಸ್, ಅದರ ಬೆನ್ನಿಗೆ ಮಬ್ಬು ನೇರಳೆಯ ಗುಡ್ಡ. ಅದೇ ಕೇಯಾ. ಲಾವ್ರಿಯೊದಿಂದ ಹನ್ನೆರಡು ಹದಿಮೂರು ನಾಟಿಕಲ್ ಮೈಲು, ಒಳ್ಳೆಯ ದಿನದಲ್ಲಿ ಮೂರು ಗಂಟೆಯ ಹಾದಿ. ಆ ಹೊತ್ತು ಅದು ಚಂದ್ರನಷ್ಟು ದೂರ.

ಗುಡಿಯ ನೆರಳಲ್ಲಿ ಕೂತು, ಈ ಕಡಲಲ್ಲಿ ನಮಗಿಂತ ಮೊದಲು ಗಾಳಿಗೆ ಕಾದವರನ್ನು ಎಣಿಸಿದೆವು. ಟ್ರಾಯ್‌ಗೆ ಹೊರಟ ಆಗಮೆಮ್ನನ್ ಇಲ್ಲಿಂದ ಉತ್ತರಕ್ಕಿರುವ ಔಲಿಸ್‌ನಲ್ಲಿ ಸಿಕ್ಕಿಬಿದ್ದು, ಗಾಳಿಯನ್ನು ಒಲಿಸಿಕೊಳ್ಳಲು ಮಗಳು ಇಫಿಗೇನಿಯಾಳನ್ನೇ ಬಲಿಗೆ ಒಯ್ದ. ಅವನ ತಮ್ಮ ಮೆನೆಲಾಸ್ ಯುದ್ಧ ಗೆದ್ದು ಮರಳುವಾಗ ಚುಕ್ಕಾಣಿ ಹಿಡಿದವನು ಸತ್ತದ್ದು ಇದೇ ಸುನಿಯೋ ಭೂಶಿರದ ಬಳಿ. ಮುಂದೆ ಈಜಿಪ್ಟಿನ ಫಾರೋಸ್ ದ್ವೀಪದಲ್ಲಿ ಅನುಕೂಲದ ಗಾಳಿಯಿಲ್ಲದೆ ಇಪ್ಪತ್ತು ದಿನ ಕೂತ. ಅವು ಪುರಾಣ. ಜೂಲಿಯಸ್ ಸೀಸರ್ ಮಾತ್ರ ಚರಿತ್ರೆ. ಕ್ರಿ.ಪೂ. 48ರಲ್ಲಿ ಅಲೆಕ್ಸಾಂಡ್ರಿಯದಿಂದ ಹೊರಡಲಾಗದೆ ಉಳಿದದ್ದಕ್ಕೆ ಎಟೀಸಿಯ ಗಾಳಿಯೇ ಕಾರಣವೆಂದು ತಾನೇ ಬರೆದಿಟ್ಟಿದ್ದಾನೆ. ಅವನು ಅಲ್ಲಿ ಉಳಿದದ್ದಕ್ಕೆ ಕ್ಲಿಯೋಪಾತ್ರಳೂ ಕಾರಣವೆಂದು ಲೋಕ ಹೇಳುತ್ತದೆ. "ಗಾಳೀ ಮ್ಯಾಲ ಹಾಕೂದು ಭಾಳ ಅನುಕೂಲ ನೋಡು," ಎಂದ ಗೆಳೆಯ.

ಲಾವ್ರಿಯೊಗೆ ಬರುವ ಮೊದಲು ಅಥೆನ್ಸಿನಲ್ಲಿ ಕಂಡದ್ದೊಂದು ಆಗ ನೆನಪಾಯಿತು. ಆಕ್ರೊಪೊಲಿಸ್ ಬೆಟ್ಟದ ಬಡಗಣ ತಪ್ಪಲಿನಲ್ಲಿ ಗಾಳಿಗೋಪುರ ಎಂಬ ಪುಟ್ಟ ಕಟ್ಟಡವಿದೆ. ಎಂಟು ಮೂಲೆ, ಅಮೃತಶಿಲೆ, ಹನ್ನೆರಡು ಮೀಟರ್ ಎತ್ತರ. ಮೇಲೆ ಗಾಳಿಗೆ ತಿರುಗುವ ಕಂಚಿನ ಟ್ರೈಟನ್ ಇತ್ತಂತೆ, ಗೋಡೆಗಳ ಮೇಲೆ ನೆರಳು ಗಡಿಯಾರ, ಒಳಗೆ ನೀರು ಗಡಿಯಾರ. ಕಟ್ಟಿದವನು ಆಂಡ್ರೊನಿಕಸ್. ಎಂಟು ಮುಖದ ಮೇಲೂ ಒಬ್ಬೊಬ್ಬ ಹಾರುತ್ತಿರುವ ಗಂಡಸು. ಪಶ್ಚಿಮದ ಝೆಫಿರಸ್ ಮಡಿಲ ತುಂಬ ಹೂ ಹೊತ್ತ ಹುಡುಗ. ಉತ್ತರದ ಬೋರಿಯಸ್ ಗಡ್ಡದವನು, ದಪ್ಪ ಕಂಬಳಿ ಹೊದ್ದು ಶಂಖ ಊದುತ್ತಿದ್ದಾನೆ. ಅದನ್ನು ನೋಡಿದ ಕೂಡಲೇ ನಮ್ಮ ದೇವಸ್ಥಾನಗಳ ನವರಂಗದ ಚಾವಣಿಯ ಅಷ್ಟದಿಕ್ಪಾಲಕರು ಕಣ್ಣಿಗೆ ಬಂದರು. ಆದರೆ ಒಂದು ವ್ಯತ್ಯಾಸ. ನಮ್ಮಲ್ಲಿ ಬೆಂಕಿಗೊಂದು ಮೂಲೆ, ಯಮನಿಗೊಂದು, ನೀರಿಗೊಂದು, ಹಣಕ್ಕೊಂದು. ಗಾಳಿಗೆ ಸಿಕ್ಕಿದ್ದು ವಾಯವ್ಯ ಒಂದೇ. ಅವರಲ್ಲಿ ಎಂಟಕ್ಕೆ ಎಂಟೂ ಗಾಳಿಯೇ. ಹೊಲದ ನಾಡು ಮತ್ತು ದ್ವೀಪಗಳ ನಾಡು ದಿಕ್ಕುಗಳನ್ನು ಎಣಿಸುವ ಬಗೆಯೇ ಬೇರೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಟಣ್ ಟಣ್ ಮುಗಿಯಲಿಲ್ಲ. ಮಲಗಿದಲ್ಲೇ ಫೋನಿನಲ್ಲಿ ಹವಾಮಾನದ ನಕ್ಷೆ ತೆರೆದೆ. ಏಜಿಯನ್ ಕಡಲಿನ ಮೇಲೆ ಒತ್ತಡದ ಗೆರೆಗಳು ಮರದ ಹಲಗೆಯ ನಾರಿನಂತೆ ಒತ್ತೊತ್ತಾಗಿ ಉತ್ತರದಿಂದ ದಕ್ಷಿಣಕ್ಕೆ ಇಳಿದಿದ್ದವು. ಈ ಗೆರೆಗಳು ಎಲ್ಲಿಗೆ ಹೋಗುತ್ತವೆ ನೋಡೋಣ ಎಂದು ಎರಡು ಬೆರಳಲ್ಲಿ ನಕ್ಷೆಯನ್ನು ಕುಗ್ಗಿಸಿದೆ. ತುರ್ಕಿ ಬಂತು. ಒತ್ತಡ ಇಳಿಯುತ್ತ ಹೋಗುತ್ತಿದೆ. ಇನ್ನೂ ಕುಗ್ಗಿಸಿದೆ. ಇರಾಕ್, ಇರಾನ್, ಇನ್ನೂ ತಗ್ಗು. ಗೆರೆಗಳು ಬಲೂಚಿಸ್ತಾನ ದಾಟಿ, ಸಿಂಧ್ ಮತ್ತು ರಾಜಸ್ಥಾನದ ಮೇಲೆ ಒಂದು ಕಪ್ಪು ಬಟ್ಟಲಿನಂತೆ ಸುತ್ತಿಕೊಂಡಿದ್ದವು. ಆ ಬಟ್ಟಲಿನ ಕೆಳಗೆ, ಅರಬ್ಬಿ ಕಡಲಿನ ಮೇಲಿಂದ ಬಾಣಗಳ ಗುಂಪೊಂದು ನೇರ ನಮ್ಮ ಪಶ್ಚಿಮ ಘಟ್ಟಕ್ಕೆ ನುಗ್ಗುತ್ತಿತ್ತು. ನಾನು ಎದ್ದು ಕೂತೆ.

ಶಾಲೆಯಲ್ಲಿ ಓದಿದ್ದು ಅರ್ಧ ಕಥೆ. ಬೇಸಗೆಯಲ್ಲಿ ವಾಯವ್ಯ ಭಾರತ ಕಾದು ಗಾಳಿಯ ಒತ್ತಡ ಕುಸಿಯುತ್ತದೆ, ಆ ತಗ್ಗು ಕಡಲ ಕಡೆಯಿಂದ ಹಸಿಗಾಳಿಯನ್ನು ಎಳೆದುಕೊಳ್ಳುತ್ತದೆ, ಅದೇ ಮುಂಗಾರು. ಉಳಿದರ್ಧ ಇದು: ಆ ತಗ್ಗಿಗೆ ಪಶ್ಚಿಮಕ್ಕೊಂದು ಬಾಲವಿದೆ. ಇರಾನ್, ಇರಾಕ್ ದಾಟಿ ಅದು ತುರ್ಕಿವರೆಗೆ ಚಾಚಿರುತ್ತದೆ. ಈಚೆ ಬಾಲ್ಕನ್ ನಾಡುಗಳ ಮೇಲೆ ಒತ್ತಡ ಹೆಚ್ಚು. ಹೆಚ್ಚಿನಿಂದ ಕಡಿಮೆಯ ಕಡೆಗೆ, ಎಂದರೆ ಪೂರ್ವಕ್ಕೆ ಹೊರಟ ಗಾಳಿ ಭೂಮಿಯ ತಿರುಗುವಿಕೆಯಿಂದ ಬಲಕ್ಕೆ ಬಾಗಿ, ಏಜಿಯನ್ ಉದ್ದಕ್ಕೂ ಬಡಗಿನಿಂದ ತೆಂಕಿಗೆ ಹರಿಯುತ್ತದೆ. ಎವಿಯಾ ಮತ್ತು ಆಂಡ್ರೋಸ್ ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ಇನ್ನಷ್ಟು ಬಿಗಿಯಾಗಿ ಚಿಮ್ಮಿ ಕೇಯಾದ ಮೇಲೆ ಬೀಳುತ್ತದೆ. ಇಷ್ಟೇ ಅಲ್ಲ. ಬ್ರಿಟನ್ನಿನ ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ಎಂಬ ಇಬ್ಬರು ವಿಜ್ಞಾನಿಗಳು 1996ರಲ್ಲಿ ತೋರಿಸಿಕೊಟ್ಟದ್ದು ಇನ್ನೂ ಅಚ್ಚರಿಯದು. ನಮ್ಮಲ್ಲಿ ಮಳೆ ಸುರಿಯುವಾಗ ಆವಿ ನೀರಾಗಿ ಬಿಟ್ಟುಕೊಡುವ ಶಾಖವು ವಾತಾವರಣದಲ್ಲಿ ದೊಡ್ಡ ಅಲೆಯನ್ನೆಬ್ಬಿಸುತ್ತದೆ. ಅದರಿಂದಾಗಿ ಪಶ್ಚಿಮದಲ್ಲಿ, ಮೆಡಿಟರೇನಿಯನ್ನಿನ ಪೂರ್ವ ಭಾಗದ ಮೇಲೆ, ಗಾಳಿ ಕೆಳಕ್ಕಿಳಿದು ಒಣಗುತ್ತದೆ. ಅಲ್ಲಿ ಬೇಸಗೆಯಲ್ಲಿ ಮೋಡ ಕಟ್ಟದಿರುವುದಕ್ಕೆ ನಮ್ಮ ಮಳೆಯದೂ ಪಾಲಿದೆ.

ಅಂದರೆ ಲಾವ್ರಿಯೊದ ಆ ಒಗೆದ ಸೀರೆಯಂಥ ಆಕಾಶಕ್ಕೆ ನೀಲಿ ಹಾಕಿದ್ದು ಅಮ್ಮನ ಫೋನಿನಲ್ಲಿ ಧೋ ಎನ್ನುತ್ತಿದ್ದ ಮಳೆ. ಊರಿನಲ್ಲಿ ಪುಷ್ಯ ಮಳೆ ಹೊಯ್ಯುತ್ತಿದೆ. ಇಲ್ಲಿ ನನ್ನ ತಲೆಯ ಮೇಲೆ ಹಗ್ಗ ಟಣ್ ಎನ್ನುತ್ತಿದೆ. ಒಂದೇ ಹಗ್ಗದ ಎರಡು ತುದಿ.

ಈ ಹಗ್ಗವನ್ನು ಹಿಂದಿನವರು ಲೆಕ್ಕ ಹಿಡಿಯದೆಯೂ ಬಲ್ಲವರಾಗಿದ್ದರು. ಕ್ರಿ.ಶ. ಒಂದನೆಯ ಶತಮಾನದ ರೋಮಿನ ಪ್ಲಿನಿ ನಮ್ಮ ಕರಾವಳಿಗೆ ಬರುವ ದಾರಿಯನ್ನು ವಿವರವಾಗಿ ಬರೆದಿದ್ದಾನೆ. ಅಲೆಕ್ಸಾಂಡ್ರಿಯದ ಕಡೆಯಿಂದ ನೈಲ್ ನದಿಯಲ್ಲಿ ಎದುರುಪ್ರವಾಹಕ್ಕೆ ಹನ್ನೆರಡು ದಿನ. ದೋಣಿಯನ್ನು ತಳ್ಳುವುದು ಎಟೀಸಿಯ, ಎಂದರೆ ಇದೇ ಬಡಗಾಳಿ. ಆಮೇಲೆ ಮರುಭೂಮಿ ದಾಟಿ ಕೆಂಪು ಸಮುದ್ರ. ನಡುಬೇಸಗೆಯಲ್ಲಿ, ಲುಬ್ಧಕ ನಕ್ಷತ್ರ ಮೂಡುವ ಮೊದಲು ಅಥವಾ ಮೂಡಿದ ಕೂಡಲೇ, ಅಲ್ಲಿಂದ ಹಡಗು ಬಿಡಬೇಕು. ಕೆಂಪು ಸಮುದ್ರದ ಬಾಯಿಯಿಂದ ಮುಂಗಾರಿನ ಗಾಳಿ ಹಿಡಿದರೆ 40 ದಿನಕ್ಕೆ ಕೇರಳದ ಮುಜಿರಿಸ್. ಹಗ್ಗದ ಒಂದು ತುದಿ ಹಿಡಿದು ಹೊರಟು ಇನ್ನೊಂದು ತುದಿಗೆ ಬಂದು ಮುಟ್ಟುತ್ತಿದ್ದರು. ಹಾಗೆ ಬಂದುಹೋದವರ ನೆನಪು ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ಗುಡ್ಡೆಯಲ್ಲಿ ಸಿಕ್ಕ ಎರಡನೆಯ ಶತಮಾನದ ಪಪೈರಸ್ ಹಾಳೆಯಲ್ಲಿದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಕಾರಿಟಿಯನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಕಡೆಯವರು ರಾಜನಿಗೆ ಮದ್ಯ ಕುಡಿಸಿ ಹಡಗಿನಲ್ಲಿ ಪಾರುಮಾಡುವ ಪ್ರಹಸನ ಅದು. ಅದರಲ್ಲಿ ಊರವರು ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು ಹುಲ್ಷ್, ಆರ್. ಶಾಮಶಾಸ್ತ್ರಿ, ಗೋವಿಂದ ಪೈ ವಾದಿಸಿದರು. ಒಪ್ಪದವರೂ ಇದ್ದಾರೆ. ನಮ್ಮೂರಿಗೆ ಹತ್ತಿರದ ದಂಡೆಯೊಂದರಲ್ಲಿ ಆ ಹಡಗು ನಿಂತಿತ್ತೆಂದು ನಂಬಲು ಆ ರಾತ್ರಿ ನನಗೆ ಸಾಕ್ಷಿ ಬೇಕಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ತಗ್ಗು, ಬಾಲ, ಬಾಲ್ಕನ್, ಎಲ್ಲ. ಅವಳು ಸುಮ್ಮನೆ ಕೇಳಿಸಿಕೊಂಡಳು.

"ಹಂಗಾರೆ ಇಲ್ಲಿ ಮಳಿ ಬಿಟ್ರೆ ಅಲ್ಲಿ ಗಾಳಿ ಬಿಡತ್ತಾ?"

"ಹಾಗೆ ದಿನದ ಲೆಕ್ಕದಲ್ಲಿ ಹೇಳುವುದಕ್ಕಾಗುವುದಿಲ್ಲಮ್ಮ. ಇದು ಋತುವಿನ ಲೆಕ್ಕ."

"ಆಯ್ಲಿ ಬಿಡ್. ಮಳಿ ಬಿಡುದ್ ಬ್ಯಾಡ. ಗೆದ್ದಿಗ್ ನೀರ್ ಬೇಕ್. ನೀ ಅಲ್ಲೇ ಕೂಕೊ."

ಮಗನ ಸಮುದ್ರಯಾನವನ್ನೂ ಗದ್ದೆಯ ನೀರನ್ನೂ ತಕ್ಕಡಿಯಲ್ಲಿಟ್ಟು ತೂಗಲು ಅವಳಿಗೆ ಅರೆಗಳಿಗೆಯೂ ಬೇಕಾಗಲಿಲ್ಲ. ನಾನು ಕೂತೆ. ಅಂದು ಮೊದಲ ಬಾರಿಗೆ ಸರಿಯಾಗಿ ಕೂತೆ. ಗೆಳೆಯನನ್ನು ಕೇಳಿ ಗಂಟುಗಳನ್ನು ಕಲಿತೆ. ಹಗ್ಗದಲ್ಲೊಂದು ಕಣ್ಣು ಮಾಡಿ, ತುದಿಯನ್ನು ಅದರೊಳಗಿಂದ ತಂದು, ಬೆನ್ನ ಹಿಂದೆ ಸುತ್ತಿ, ಮತ್ತೆ ಕಣ್ಣಿಗೇ ಇಳಿಸಬೇಕು. ಎಷ್ಟು ಜಗ್ಗಿದರೂ ಜಾರುವುದಿಲ್ಲ, ಬಿಚ್ಚಬೇಕೆಂದರೆ ಹೆಬ್ಬೆರಳು ಸಾಕು. ಇಪ್ಪತ್ತು ಸಲ ತಪ್ಪಿದೆ. ಇಪ್ಪತ್ತೊಂದನೆಯ ಸಲಕ್ಕೆ ಕೈಗೆ ಬಂತು. ಅಜ್ಜಯ್ಯ ಅದನ್ನು ಕಣ್ಣು ಮುಚ್ಚಿ ಹಾಕುತ್ತಿದ್ದುದು ಆಗ ನೆನಪಾಯಿತು. ಎಮ್ಮೆಯ ಕುತ್ತಿಗೆಗೆ ಹಾಕುತ್ತಿದ್ದದ್ದೂ ಅದೇ ಗಂಟು.

ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಟಣ್‌ಗಳ ನಡುವೆ ಬಿಡುವು ಹೆಚ್ಚಾಯಿತು. ದೂರದಲ್ಲೊಂದು, ಎಣಿಸಿ ಎಂಟರಷ್ಟು ಹೊತ್ತಿಗೆ ಇನ್ನೊಂದು. ಆಮೇಲೆ ಕೇವಲ ನೀರು ದೋಣಿಯ ಹೊಟ್ಟೆಗೆ ತಟ್ಟುವ ಸದ್ದು. ಪಕ್ಕದ ಕೋಣೆಯಿಂದ ಗೆಳೆಯನ ದನಿ ಬಂತು: "ಕೇಳಿಸ್ತೇನಲೇ?" ಅವನೂ ಎಣಿಸುತ್ತಿದ್ದ.

ಬುಧವಾರ ಬೆಳಕು ಹರಿಯುವ ಮೊದಲೇ ಹಗ್ಗ ಬಿಚ್ಚಿದೆವು. ನಾಲ್ಕು ಬೊಫೋರ್. ಬಂದರು ದಾಟಿದ ಮೇಲೆ ಗೆಳೆಯ ಇಂಜಿನ್ ನಿಲ್ಲಿಸಿ ಹಾಯಿ ಏರಿಸಿದ. ಬಟ್ಟೆ ಒಮ್ಮೆ ಪಟಪಟ ಬಡಿದುಕೊಂಡಿತು, ಗಾಳಿ ತುಂಬಿತು, ಸುಮ್ಮನಾಯಿತು. ದೋಣಿ ಒಂದು ಬದಿಗೆ ವಾಲಿ, ಯಾರೋ ಕೆಳಗಿನಿಂದ ಎತ್ತಿ ನೂಕಿದಂತೆ ಹೊರಟಿತು. ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟ. ನಾಲ್ಕು ದಿನ ಕಿವಿಯಲ್ಲಿ ಕೇಳಿದ್ದ ಗಾಳಿ ಈಗ ಅಂಗೈಗೆ ಬಂದಿತ್ತು: ಒಂದೇ ಸಮನಾದ ಸಣ್ಣ ಎಳೆತ, ಬೆರಳು ಹಿಡಿದ ಮಗು ಎಲ್ಲಿಗೋ ಕರೆಯುವ ಹಾಗೆ. ಮಾಕ್ರೊನಿಸೋಸ್ ತುದಿ ಬಳಸಿದ ಮೇಲೆ ಎಡಗಡೆಯಿಂದ ಅಲೆಗಳು ಬಂದವು. ಈ ಜಲಸಂಧಿಯ ತಳದಲ್ಲಿ, ಕೇಯಾದ ಹತ್ತಿರ, ಟೈಟಾನಿಕ್‌ನ ತಂಗಿ ಹಡಗು ಬ್ರಿಟಾನಿಕ್ ಮಲಗಿದೆ. 1916ರ ನವೆಂಬರ್ 21ರಂದು ಮುಳುಗಿದ್ದು. ಅದರ ಮಾತು ಬೇಡವೆಂದು ನನ್ನ ಹೆಂಡತಿ ಕಣ್ಣಲ್ಲೇ ಹೇಳಿದಳು.

ಕೇಯಾದಲ್ಲಿ ದೋಣಿ ಕಟ್ಟಿ, ಮಾರನೆಯ ದಿನ ಗುಡ್ಡದ ನೆತ್ತಿಯ ಇಯುಲಿಡ ಎಂಬ ಊರಿಗೆ ಹತ್ತಿದೆವು. ಊರಾಚೆ ಕಾಲುದಾರಿಯಲ್ಲಿ ನಡೆದರೆ ಒಂದು ಸಿಂಹ ಮಲಗಿದೆ. ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಅಲ್ಲಿದ್ದ ಬಂಡೆಯಲ್ಲೇ ಕಡೆದದ್ದು, ಆರು ಮೀಟರಿಗೂ ಉದ್ದ. ಮಳೆಗಾಳಿಗೆ ಮೈ ನುಣುಪಾಗಿ, ಉಗುರು ಸವೆದು, ಮುಖದಲ್ಲೊಂದು ನಗು ಮಾತ್ರ ಉಳಿದಿದೆ. ದ್ವೀಪದ ಪುರಾಣ ಹೀಗೆ: ಇಂಥದೊಂದು ಸಿಂಹ ನೀರಿನ ಅಪ್ಸರೆಯರನ್ನು ಓಡಿಸಿತು, ನೆಲ ಒಣಗಿತು. ಲುಬ್ಧಕ ಮೂಡಿದ ಕಾಲದ ಉರಿಗೆ ದ್ವೀಪಗಳು ಬೆಂದವು, ರೋಗ ಹಬ್ಬಿತು. ಜನ ಅಪೊಲೊ ದೇವರ ಮಗ ಅರಿಸ್ಟೇಯಸ್‌ನನ್ನು ಕರೆಸಿದರು. ಅವನು ಗುಡ್ಡದ ಮೇಲೆ ಬಲಿಪೀಠ ಕಟ್ಟಿ ಲುಬ್ಧಕನಿಗೂ ಸ್ಯೂಸ್‌ಗೂ ಪೂಜೆ ಸಲ್ಲಿಸಿದ. ಸ್ಯೂಸ್ ಒಲಿದು, 40 ದಿನ ಭೂಮಿಯನ್ನು ತಂಪಾಗಿಸುವ ಬಡಗಾಳಿಯನ್ನು ಕಳಿಸಿದ. ಅದೇ ಎಟೀಸಿಯ, ಅದೇ ಮೆಲ್ಟೆಮಿ. ಆಮೇಲೂ ಇಲ್ಲಿನವರು ವರ್ಷವರ್ಷ ಲುಬ್ಧಕ ಮೂಡುವುದನ್ನು ಕಾದು ನೋಡಿ, ಅದರ ಹೊಳಪಿನ ಮೇಲೆ ವರ್ಷಫಲ ಹೇಳುತ್ತಿದ್ದರು. ಆ ನಕ್ಷತ್ರವನ್ನು ನಾಣ್ಯದ ಮೇಲೂ ಮುದ್ರಿಸಿದರು.

ನಾಲ್ಕು ದಿನ ನಾವು ಯಾವ ದ್ವೀಪ ಮುಟ್ಟಲಾಗದೆ ಗಾಳಿಯನ್ನು ಬೈದಿದ್ದೆವೋ, ಆ ಗಾಳಿಯನ್ನು ಬೇಡಿ ತರಿಸಿಕೊಂಡದ್ದು ಅದೇ ದ್ವೀಪ.

ಸಿಂಹದ ಪಕ್ಕ ಒಂದು ಕಲ್ಲಿನ ಮೇಲೆ ಕೂತೆವು. ಮಧ್ಯಾಹ್ನ ಹನ್ನೆರಡು. ಎಲೆ ಅಲುಗದು. ಜೀರುಂಡೆಗಳ ಕಿರುಚಾಟಕ್ಕೆ ಬಿಸಿಲೇ ಸದ್ದು ಮಾಡುತ್ತಿದೆಯೇನೋ ಅನ್ನಿಸಿತು. ಬಂಡೆಯ ಕಾವು ಪ್ಯಾಂಟಿನೊಳಗಿಂದ ಏರುತ್ತಿತ್ತು, ಬಾಟಲಿಯ ನೀರು ಕಾಫಿಗೆ ಇಟ್ಟ ಹಾಗಿತ್ತು. ಅಂಗಿ ಬೆನ್ನಿಗಂಟಿ, ತಲೆ ದಿಮ್ಮೆನ್ನುತ್ತಿತ್ತು. ಹೀಗೆ 40 ದಿನ ಎಂದರೆ ಯಾರಾದರೂ ಬಲಿಪೀಠ ಕಟ್ಟುತ್ತಾರೆ. ಅರ್ಧ ಗಂಟೆ ಕಳೆದಿರಬೇಕು. ಎದುರಿನ ಇಳಿಜಾರಿನ ಓಕ್ ಮರಗಳು ಮೊದಲು ಬೆಳ್ಳಗೆ ಮಗುಚಿದವು. ಆಮೇಲೆ ಒಣಹುಲ್ಲು ಬಾಗಿತು. ಆಮೇಲೆ ಅದು ಬಂತು, ಬಡಗಿನಿಂದ, ಬೆವರಿದ ಕುತ್ತಿಗೆಗೆ. ನನಗರಿವಿಲ್ಲದೆ ಅಂಗಿಯ ಎರಡು ಗುಂಡಿ ಬಿಚ್ಚಿ ಮುಖವನ್ನು ಆ ಕಡೆಗೆ ತಿರುಗಿಸಿ ಕೂತಿದ್ದೆ.

ಗೆಳೆಯ ಫೋನು ತೆಗೆದು ನೋಡಿದ. "ನಾಳೆ ಮತ್ತ ಆರು ಬೊಫೋರ್ ಅಂತಲೇ. ಕಿಥ್ನೋಸ್ ಆಗೂದಿಲ್ಲ."

"ಬರಲಿ ಬಿಡೋ," ಎಂದೆ. "ಊರಲ್ಲಿ ಗದ್ದೆಗೆ ನೀರು ಬೇಕು."